ಹಿಂದಿನ ಗಾಲಿಯ ಮೇಲಿನ ಮಂಚ

ಮಂಚದ ಮೇಲಿಟ್ಟಿದ್ದ ಪಾತ್ರೆಯ ನೀರು ರಸ್ತೆಯ ಮೊದಲನೆಯ ಉಬ್ಬಿಗೇ ಅರ್ಧಕ್ಕಿಳಿಯಿತು. ಎರಡನೆಯ ಉಬ್ಬಿಗೆ ಪಾತ್ರೆಯೇ ಮಗುಚಿಕೊಂಡಿತು. ಮಾಮ ಬಸ್ಸನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, ಹಿಂದಕ್ಕೆ ನಡೆದುಬಂದು, ಒದ್ದೆಯಾದ ಹಾಸಿಗೆಯನ್ನೂ ಅದಕ್ಕೆ ಹಗ್ಗದಿಂದ ಬಿಗಿದಿದ್ದ ಮರಳಿನ ಚೀಲವನ್ನೂ ನೋಡುತ್ತ ನಿಂತ. ಚೀಲದ ತೂಕ ಐವತ್ತೆರಡು ಕಿಲೋ. ಅವನ ಹೆಂಡತಿಯ ತೂಕವೂ ಅಷ್ಟೇ. ಹಗ್ಗದ ಬಿಗಿಯನ್ನು ಮೀರಿ ಚೀಲವು ತನ್ನ ಜಾಗದಿಂದ ನಾಲ್ಕು ಬೆರಳು ಸರಿದಿತ್ತು. ಆ ನಾಲ್ಕು ಬೆರಳನ್ನು ಅವನು ಎರಡು ಸಲ ಅಳೆದ. ಎರಡು ಸಲವೂ ನಾಲ್ಕೇ ಬಂದವು.

ಇದು ಒಂಬತ್ತನೆಯ ಪರೀಕ್ಷೆ. ಪಾತ್ರೆ ಬದಲಾಗಿತ್ತು, ಹಾಸಿಗೆ ಬದಲಾಗಿತ್ತು, ವೇಗವನ್ನು ಎತ್ತಿನ ಗಾಡಿಯ ಮಟ್ಟಕ್ಕೆ ಇಳಿಸಿಯೂ ಆಗಿತ್ತು. ಬದಲಾಗದೆ ಉಳಿದದ್ದು ಬಸ್ಸಿನ ಹಿಂಭಾಗವನ್ನು ಹೊತ್ತಿದ್ದ ಆ ಎರಡು ಕಟ್ಟು ಉಕ್ಕಿನ ಪ್ಲೇಟುಗಳು. ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು, ಒಂದರ ಮೇಲೊಂದು ಪೇರಿಸಿ ಬಿಲ್ಲಿನಂತೆ ಬಾಗಿಸಿದವು. ಅವುಗಳ ಬಗ್ಗೆ ಏನು ಮಾಡಬೇಕೆಂಬುದನ್ನು ಅವನು ಇನ್ನು ಹತ್ತು ದಿನಗಳೊಳಗೆ ತೀರ್ಮಾನಿಸಬೇಕಿತ್ತು.

ಹದಿನೇಳು ವರ್ಷ ಅವನು ಇದೇ ಬಸ್ಸಿನಲ್ಲಿ ಶಾಲೆಯ ಮಕ್ಕಳನ್ನು ಕರೆತಂದು ಬಿಟ್ಟವನು. ಅದರಲ್ಲಿ ಹದಿನಾಲ್ಕು ವರ್ಷ, ಮಕ್ಕಳನ್ನು ಕೈಹಿಡಿದು ಹತ್ತಿಸುವ, ಇಳಿಸುವ, ಕೂರಿಸುವ ಕೆಲಸ ಅವನ ಹೆಂಡತಿಯದಾಗಿತ್ತು. ಮಕ್ಕಳು ಅವನನ್ನು ಬಸ್ ಮಾಮ ಎಂದೂ ಅವಳನ್ನು ಬಸ್ ಅತ್ತೆ ಎಂದೂ ಕರೆದೂ ಕರೆದೂ ಕೊನೆಗೆ ದೊಡ್ಡವರ ಬಾಯಲ್ಲಿಯೂ ಅದೇ ಹೆಸರು ನಿಂತಿತು. ಈಗ ಅತ್ತೆಯ ಬೆನ್ನಿನಲ್ಲಿ ಎರಡು ಲೋಹದ ಸರಳುಗಳೂ ಆರು ಸ್ಕ್ರೂಗಳೂ ಇದ್ದವು. ಮೂರು ವರ್ಷಗಳ ಹಿಂದೆ ಅವುಗಳನ್ನು ಕೂರಿಸಿದ ಡಾಕ್ಟರು ಮಾಮನನ್ನು ಮಾತ್ರ ಹೊರಗೆ ಕರೆದು, ಇನ್ನೊಂದು ಸಲ ಹಾಗೆ ಬೆನ್ನು ಕುಕ್ಕಿಸಿಕೊಂಡರೆ ಕಾಲುಗಳ ವಿಷಯದಲ್ಲಿ ತಾನು ಮಾತು ಕೊಡಲಾರೆನೆಂದು ಹೇಳಿದ್ದರು. ಆ ಮಾತು ಅಂದಿನಿಂದ ಅವನ ಹೊಟ್ಟೆಯಲ್ಲಿ ಜೀರ್ಣವಾಗದೆ ಕೂತಿತ್ತು.

ಮಗಳಿಗೆ ಹೆರಿಗೆಯ ದಿನ ಹತ್ತಿರವಾಗುತ್ತಿತ್ತು. ಅವಳ ಊರು ಎರಡು ದಿನದ ದಾರಿ, ಅತ್ತ ರೈಲಿಲ್ಲ. ಅತ್ತೆಗೆ ಅರ್ಧ ಗಂಟೆ ಕೂತರೆ ಸೊಂಟದಿಂದ ಕೆಳಗೆ ಮರಗಟ್ಟುತ್ತದೆ, ಮಲಗಿಯೇ ಹೋಗಬೇಕು. ವಯಸ್ಸಾದ ಬಸ್ಸನ್ನು ಶಾಲೆಯವರು ಗುಜರಿಗೆ ಕಳಿಸಲು ಹೊರಟಾಗ ಮಾಮ ಅದನ್ನು ತನಗೇ ಕೊಡಿರೆಂದು ಕೇಳಿ ಪಡೆದ. ಸೀಟುಗಳನ್ನು ಬಿಚ್ಚಿದ, ಕಿಟಕಿಗಳಿಗೆ ಪರದೆಯ ಕಂಬಿ ಹಾಕಿದ, ಒಂದು ಒಲೆಯನ್ನೂ ನೀರಿನ ಟ್ಯಾಂಕನ್ನೂ ಕೂರಿಸಿದ, ಹಳದಿಯ ಮೇಲೆ ನೀಲಿ ಬಣ್ಣ ಬಳಿದ. ಎಲ್ಲಕ್ಕಿಂತ ಹಿಂದೆ, ಅಗಲವಾದ ಗಾಜಿನ ಕೆಳಗೆ, ಅವಳು ಮಲಗಿಕೊಂಡೇ ಹಿಂದೆ ಸರಿಯುವ ರಸ್ತೆಯನ್ನು ನೋಡಬಹುದೆಂದು, ಹಿಂದಿನ ಗಾಲಿಗಳ ಮೇಲೆಯೇ ಮಂಚವನ್ನು ಬಿಗಿದ. ಅದು ತಾನು ಕಟ್ಟಿದ್ದರಲ್ಲೆಲ್ಲ ಸುಂದರವಾದ ಮೂಲೆಯೆಂದು ಅವನಿಗೆ ಅನ್ನಿಸಿತ್ತು. ನೀರಿನ ಪಾತ್ರೆಗೆ ಹಾಗೆ ಅನ್ನಿಸಲಿಲ್ಲ.

*

ಹೆಂಡತಿಯ ತಮ್ಮನದು ಟಯರಿನ ಅಂಗಡಿ. ಒಳಗೆ ಕಾಲಿಟ್ಟರೆ ಹೊಸ ರಬ್ಬರಿನ ವಾಸನೆ ಗಂಟಲಿಗೇ ಬಂದು ಕೂರುತ್ತಿತ್ತು. ಮೂಲೆಯಲ್ಲಿ ಕಂಪ್ರೆಸರ್ ಇದ್ದಕ್ಕಿದ್ದಂತೆ ಗುಡುಗಿ ಇದ್ದಕ್ಕಿದ್ದಂತೆ ಸುಮ್ಮನಾಗುತ್ತಿತ್ತು. ಪ್ರತಿ ಸಲ ಅದು ಗುಡುಗಿದಾಗಲೂ ಮಾಮ ಬೆಚ್ಚುತ್ತಿದ್ದ. ಇತ್ತೀಚೆಗೆ ಬಾಗಿಲು ಬಡಿದುಕೊಂಡರೂ ಅವನು ಬೆಚ್ಚುತ್ತಿದ್ದ.

"ಏನ್ ಭಾವ, ಇವತ್ತೂ ಹಾಸಿಗೆ ಒದ್ದೆ ಮಾಡ್ಕೊಂಡ್ರಂತೆ?" ಎಂದು ಭಾವಮೈದುನ ಸ್ವಾಗತಿಸಿದ.

ಮಾಮ ನಗುವ ಪ್ರಯತ್ನ ಮಾಡಿ ಸ್ಟೂಲಿನ ಮೇಲೆ ಕೂತ. ಮೇಜಿನ ಮೇಲೆ ಗಿರಾಕಿಗಳಿಗೆ ತೋರಿಸಲೆಂದು ಇಟ್ಟ ಗಾಳಿಚೀಲವೊಂದಿತ್ತು. ದಪ್ಪ ಕಪ್ಪು ರಬ್ಬರಿನದು, ಎರಡು ಸುತ್ತು ಸೊಂಟಪಟ್ಟಿ ಬಿಗಿದ ದಡೂತಿ ಮನುಷ್ಯನ ಹೊಟ್ಟೆಯಂತೆ ಕಾಣುತ್ತಿತ್ತು. ಪ್ಲೇಟುಗಳನ್ನು ಪೂರಾ ಕಿತ್ತುಹಾಕಿ ಗಾಲಿಗೊಂದರಂತೆ ಇದನ್ನು ಕೂರಿಸುವುದು, ಎಂಜಿನ್ನಿನ ಹತ್ತಿರ ಒಂದು ಸಣ್ಣ ಕಂಪ್ರೆಸರ್ ಇಟ್ಟು ಗಾಳಿ ಕೊಡುವುದು, ರಸ್ತೆ ಕೆಟ್ಟಿದ್ದರೆ ಮೆತ್ತಗೆ, ಚೆನ್ನಾಗಿದ್ದರೆ ಬಿಗಿಯಾಗಿ ಮಾಡಿಕೊಳ್ಳುವುದು. ಇದನ್ನೆಲ್ಲ ಭಾವಮೈದುನ ಆರನೆಯ ಸಲ ವಿವರಿಸಿದ. ಅಕ್ಕನ ಮೇಲಿನ ಪ್ರೀತಿಯೂ ಮಾಲಿನ ಮೇಲಿನ ಹೆಮ್ಮೆಯೂ ಅವನ ಮಾತಿನಲ್ಲಿ ಬೇರ್ಪಡಿಸಲಾಗದಂತೆ ಬೆರೆತಿದ್ದವು. ಉಕ್ಕಿಗೆ ಕರುಣೆಯಿಲ್ಲ, ಗಾಳಿಗೆ ಇದೆ ಎಂದ. ಒಂದು ಆಂಬ್ಯುಲೆನ್ಸಿಗೂ ಹಾಕಿಕೊಟ್ಟಿದ್ದೇನೆ, ಒಳಗೆ ಮಲಗಿದ್ದವರು ಯಾರೂ ಇಂದಿನವರೆಗೆ ದೂರು ಹೇಳಿಲ್ಲ ಎಂದ.

"ಹೇಳೋ ಸ್ಥಿತಿಯಲ್ಲಿ ಇದ್ರಾ ಅವರು?" ಎಂದು ಮಾಮ ಕೇಳಿದ.

ಭಾವಮೈದುನ ಜೋರಾಗಿ ನಕ್ಕ. ಮಾಮ ನಗಲಿಲ್ಲ, ಅವನು ತಮಾಷೆಗೆ ಕೇಳಿರಲಿಲ್ಲ.

"ಓಡ್ತಾ ಇರೋವಾಗ ಇದು ಒಡೆದ್ರೆ?"

"ಯಾಕೆ ಭಾವ ಒಡೆಯುತ್ತೆ?"

"ಒಡೆದ್ರೆ ಅಂತ ಕೇಳ್ದೆ."

ಒಡೆದರೆ ಬಸ್ಸು ಆ ಪಕ್ಕಕ್ಕೆ ಕೂರುತ್ತದೆ, ಕೆಳಗೆ ರಬ್ಬರಿನ ದಿಮ್ಮಿಯೊಂದಿರುತ್ತದೆ, ಅದು ತಡೆಯುತ್ತದೆ ಎಂದು ಭಾವಮೈದುನ ಹೇಳಿದ. ಎಷ್ಟು ಕೆಳಗೆ ಕೂರುತ್ತದೆಂದು ಮಾಮ ಕೇಳಿದ. ಭಾವಮೈದುನ ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ತೋರಿಸಿದ. ಒಂದು ಗೇಣು. ಆ ಗೇಣನ್ನು ಮಾಮ ಬಹಳ ಹೊತ್ತು ನೋಡಿದ. ಎರಡು ದಿನದ ದಾರಿ. ಎಲ್ಲೋ ಮಧ್ಯದಲ್ಲಿ, ಒಂದು ಕಲ್ಲು, ಒಂದು ಮೊಳೆ, ಒಂದು ಸಡಿಲವಾದ ಕೊಳವೆ. ಮಲಗಿದವಳ ಕೆಳಗಿನಿಂದ ಒಂದು ಗೇಣು ನೆಲ ಕಾಣೆಯಾಗುವುದು.

"ನಿಮ್ಮ ಮದುವೆ ಮಾತು ಬಂದಾಗಲೂ ಹೀಗೇ ಮೀನಮೇಷ ಎಣಿಸಿದ್ರಿ" ಎಂದ ಭಾವಮೈದುನ. "ಆಗ ನಮ್ಮಪ್ಪ ಗಡುವು ಕೊಡಬೇಕಾಯ್ತು. ಈಗ ನಾನು ಕೊಡ್ತೀನಿ. ಶನಿವಾರದೊಳಗೆ ಹೇಳಿ. ಆಮೇಲೆ ಮಗು ಹುಟ್ಟಿ, ನಡೆದು, ಅದೇ ಇಲ್ಲಿಗೆ ಬಂದುಬಿಡುತ್ತೆ."

*

ಪ್ಲೇಟಜ್ಜನ ಅಂಗಳದಲ್ಲಿ ಮಾತು ಕಡಿಮೆ, ಸದ್ದು ಹೆಚ್ಚು. ಲಾರಿಗಳ ಪ್ಲೇಟು ಬಾಗಿಸಿ ಬಾಗಿಸಿ ತಾನೇ ಬಾಗಿಹೋಗಿದ್ದ ಆ ಮುದುಕನಿಗೆ ಅವನ ಕಸುಬೇ ಹೆಸರಾಗಿತ್ತು. ಇದ್ದಿಲಿನ ಕುಲುಮೆ, ಅದರ ಪಕ್ಕದಲ್ಲಿ ಕಪ್ಪು ನೀರಿನ ತೊಟ್ಟಿ, ಗೋಡೆಯ ಉದ್ದಕ್ಕೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಒರಗಿಸಿದ ಉಕ್ಕಿನ ಪಟ್ಟಿಗಳು. ಹಿಂದಿನ ಸಲ ಮಾಮ ಬಂದಾಗ, ಇನ್ನೂ ಎರಡೆರಡು ಪ್ಲೇಟು ಸೇರಿಸಿ ಗಟ್ಟಿ ಮಾಡಿಕೊಡಲು ಸಾಧ್ಯವೇ ಎಂದು ಕೇಳಿದ್ದ. ಆ ಬಸ್ಸಿನ ಹಳೆಯ ಪ್ಲೇಟು ಯಾವುದಾದರೂ ಇದ್ದರೆ ತಾ, ಉಕ್ಕು ಯಾವ ಜಾತಿಯದೆಂದು ನೋಡಬೇಕು ಎಂದು ಅಜ್ಜ ಹೇಳಿ ಕಳಿಸಿದ್ದ.

ಮಾಮನ ಬಳಿ ಒಂದು ಹಳೆಯ ಪ್ಲೇಟಿತ್ತು. ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಗೋಣಿ ಹೊದಿಸಿ, ಮೂರು ವರ್ಷಗಳಿಂದ ಅಟ್ಟದ ಮೇಲಿಟ್ಟದ್ದು. ಎರಡು ತುಂಡಾಗಿದ್ದ ಮೇಲಿನ ದೊಡ್ಡ ಪ್ಲೇಟು. ಅದನ್ನು ಏಕೆ ಜೋಪಾನ ಮಾಡಿದ್ದನೆಂದರೆ, ಅಪಘಾತದ ವಿಚಾರಣೆಯ ದಿನ ಅದೇ ಅವನ ಸಾಕ್ಷಿಯಾಗಿತ್ತು.

ವಿಷಯ ಹೀಗಿತ್ತು. ಬಾಗಿಲ ಪಕ್ಕದ ತಗಡನ್ನು ಅಂಗೈಯಿಂದ ಒಮ್ಮೆ ತಟ್ಟಿದರೆ ನಿಲ್ಲಿಸಬೇಕು, ಎರಡು ಸಲ ತಟ್ಟಿದರೆ ಹೊರಡಬೇಕು. ಇದು ಎಲ್ಲ ಬಸ್ಸುಗಳ ರೂಢಿ. ಆದರೆ ಮಾಮ ಮತ್ತು ಅತ್ತೆಯ ನಡುವೆ ಎರಡು ತಟ್ಟಿಗೆ ಇನ್ನಷ್ಟು ಅರ್ಥವಿತ್ತು: ಮಕ್ಕಳೆಲ್ಲ ಕೂತಿದ್ದಾರೆ, ನಾನೂ ಕೂತಿದ್ದೇನೆ. ಹದಿನಾಲ್ಕು ವರ್ಷ ಅವನು ಆ ಎರಡು ತಟ್ಟು ಕೇಳದೆ ಗೇರು ಹಾಕಿದವನಲ್ಲ. ಕೊನೆಯ ನಿಲ್ದಾಣಕ್ಕೆ ಮುಂಚಿನ ನಿಲ್ದಾಣದ ಆಚೆ ಒಂದು ಎತ್ತರದ ಉಬ್ಬಿತ್ತು. ಮಕ್ಕಳು ಅದಕ್ಕೆ ಒಂಟೆ ಎಂದು ಹೆಸರಿಟ್ಟಿದ್ದರು. ಹಿಂದಿನ ಸೀಟಿನ ಮಕ್ಕಳು ಅಷ್ಟು ಹೊತ್ತೂ ಅದಕ್ಕಾಗಿಯೇ ಕಾಯುವರು. ಅದನ್ನು ತುಸು ವೇಗದಲ್ಲಿ ಹಾರಿಸಿದರೆ ಅವರೆಲ್ಲ ಗೇಣುದ್ದ ಮೇಲೆದ್ದು ಕೇಕೆ ಹಾಕುವರು, ಮಾಮ ದೊಡ್ಡ ಕನ್ನಡಿಯಲ್ಲಿ ಆ ಮುಖಗಳನ್ನು ನೋಡುವನು. ಇಡೀ ದಿನದಲ್ಲಿ ಅವನಿಗೆ ಅದಕ್ಕಿಂತ ಇಷ್ಟವಾದ ಗಳಿಗೆ ಬೇರೊಂದಿರಲಿಲ್ಲ. ಆ ಸಂಜೆ ಒಂದು ಮಗುವಿನ ಶೂ ಕಾಣೆಯಾಗಿತ್ತು. ಅತ್ತೆ ಹಿಂದಿನ ಸೀಟುಗಳ ಕೆಳಗೆ ಬಾಗಿ ಹುಡುಕುತ್ತಿದ್ದಳು. ಮಕ್ಕಳು "ಮಾಮ, ಒಂಟೆ, ಒಂಟೆ" ಎಂದು ರಾಗ ಎಳೆಯತೊಡಗಿದರು. ತಗಡಿನ ಮೇಲೆ ಯಾವ ಕೈಯೂ ಬೀಳಲಿಲ್ಲ. ಮಾಮ ಹೊರಟುಬಿಟ್ಟ.

ಹಿಂದಿನ ಗಾಲಿಗಳು ಒಂಟೆಯಿಂದ ಕೆಳಗೆ ಬಿದ್ದಾಗ ಪ್ಲೇಟು ಮುರಿಯಿತು. ಮೇಲಕ್ಕೆಸೆಯಲ್ಪಟ್ಟ ಅತ್ತೆಯ ಬೆನ್ನು ಸೀಟಿನ ಕಂಬಿಗೆ ಬಂದು ಬಡಿಯಿತು. ಮಕ್ಕಳಿಗೆ ತರಚು ಗಾಯವೂ ಆಗಲಿಲ್ಲ. ವಿಚಾರಣೆಯಲ್ಲಿ, ಪ್ಲೇಟು ಮುರಿದದ್ದರಿಂದ ಹೀಗಾಯಿತೇ ಎಂದು ಕೇಳಿದರು, ಹೌದು ಎಂದ. ಹೆಂಡತಿ ಎರಡು ಸಲ ತಟ್ಟಿದ್ದು ಕೇಳಿಸಿತೇ ಎಂದು ಕೇಳಿದರು. ಅದಕ್ಕೂ ಹೌದು ಎಂದ. ಅತ್ತೆಗೆ ಆ ಸಂಜೆಯದು ಏನೂ ನೆನಪಿರಲಿಲ್ಲ, ಕೈಯಲ್ಲಿ ಸಿಕ್ಕಿದ್ದ ಆ ಪುಟ್ಟ ಶೂ ಒಂದನ್ನು ಬಿಟ್ಟು.

ಪ್ಲೇಟಜ್ಜ ಗೋಣಿ ಬಿಚ್ಚಿ, ಎಣ್ಣೆ ಬಟ್ಟೆ ಬಿಡಿಸಿ, ಮುರಿದ ತುದಿಯನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಅದನ್ನು ನಿಧಾನವಾಗಿ ಸವರಿದ.

"ಚೆನ್ನಾಗಿ ಇಟ್ಟಿದ್ದೀಯ" ಎಂದ. "ಯಾರು ಹೇಳಿದ್ದು, ಪ್ಲೇಟು ಹಳೇದಾಗಿ ಮುರೀತು ಅಂತ?"

"ಎಲ್ಲರೂ" ಎಂದ ಮಾಮ.

"ಹಳೇ ಬಿರುಕಾದ್ರೆ ಒಳಗೆ ನುಣ್ಣಗೆ, ಕಪ್ಪಗೆ ಇರುತ್ತೆ. ದಿನಾ ಅಷ್ಟಷ್ಟೇ ತಿಕ್ಕಿ ತಿಕ್ಕಿ. ಇಲ್ಲಿ ನೋಡು, ಕಲ್ಲುಸಕ್ಕರೆ ಮುರಿದ ಹಾಗೆ ಕಾಳು ಕಾಳು. ಇದು ಗಟ್ಟಿಮುಟ್ಟಾದ ಪ್ಲೇಟು, ಒಂದೇ ಏಟಿಗೆ ಹೋಗಿದೆ." ತುಂಡನ್ನು ಮತ್ತೆ ಬಟ್ಟೆಯ ಮೇಲಿಟ್ಟು, ಮುಖ ನೋಡದೆ ಹೇಳಿದ: "ಇದರ ತಪ್ಪೇನೂ ಇಲ್ಲಪ್ಪ."

ಕುಲುಮೆಯ ಇದ್ದಿಲು ಚಿಟಚಿಟ ಎಂದಿತು. ಅಜ್ಜ ಏನನ್ನೂ ಕೆದಕಲಿಲ್ಲ. ಅವನಿಗೆ ಉಕ್ಕು ಹೇಳುವುದರಾಚೆಗೆ ಆಸಕ್ತಿ ಇದ್ದಂತೆ ಕಾಣಲಿಲ್ಲ. ಸೀದಾ ಲೆಕ್ಕಕ್ಕೆ ಬಂದ. ಬಸ್ಸು ಮಾಡಿದವರು ಪ್ಲೇಟು ಕಟ್ಟಿದ್ದು ಅರವತ್ತು ಮಕ್ಕಳ ಭಾರಕ್ಕೆ. ಈಗ ಒಳಗಿರುವುದು ಒಂದು ಮಂಚ, ಒಂದು ಒಲೆ, ಒಂದಿಷ್ಟು ನೀರು, ಇಬ್ಬರು. ಅಷ್ಟು ಕಡಿಮೆ ಭಾರಕ್ಕೆ ಒಂಬತ್ತು ಪ್ಲೇಟು ಬಾಗುವುದೇ ಇಲ್ಲ. ನೆಲದ ಏಟನ್ನು ನುಂಗದೆ ಹಾಗೆಯೇ ಮೇಲಕ್ಕೆ ದಾಟಿಸುತ್ತವೆ. ಸೇರಿಸುವ ಮಾತಿರಲಿ, ಎರಡೆರಡು ತೆಗೆಯಬೇಕು. ಮೇಲಿನ ದೊಡ್ಡ ಪ್ಲೇಟನ್ನು ಮುಟ್ಟಬಾರದು, ಕೆಳಗಿನವನ್ನು ತೆಗೆದು ಉಳಿದವಕ್ಕೆ ಹೊಸದಾಗಿ ಬಾಗು ಕೊಡಬೇಕು.

ತೆಗೆಯುವುದು. ಮುರಿದ ಪ್ಲೇಟನ್ನು ಮುಂದಿಟ್ಟುಕೊಂಡು ಇನ್ನೂ ಎರಡನ್ನು ತೆಗೆಯುವುದು. ತೆಗೆದ ಮೇಲೆ ಇನ್ನೊಂದು ಮುರಿದರೆ ಎಂದು ಮಾಮ ಕೇಳಿದ. ಸೇರಿಸಿದರೆ ಅವಳ ಬೆನ್ನಿಗೆ ಏಟು, ಗಾಳಿ ಹಾಕಿದರೆ ಒಡೆಯುವ ಭಯ, ತೆಗೆದರೆ ಮುರಿಯುವ ಭಯ. ಎತ್ತ ತಿರುಗಿದರೂ ಗೋಡೆ.

ಅಜ್ಜ ಇಕ್ಕುಳವನ್ನು ಕೆಳಗಿಟ್ಟ. "ಹಿಂದಿನ ಸೀಟಿನಲ್ಲಿ ನೀನು ಎಷ್ಟು ವರ್ಷ ಕೂತಿದ್ದೀಯ?"

"ನಾನು ಯಾಕೆ ಕೂರಲಿ? ನಾನು ಓಡಿಸೋನು."

"ಅದಕ್ಕೇ ಕೇಳ್ದೆ. ಕೂತವರು ಮನೇಲೇ ಇದ್ದಾರಲ್ಲ, ಅವರನ್ನ ಕೇಳಿದ್ಯಾ?"

*

ಅತ್ತೆ ಗಟ್ಟಿ ಹಲಗೆಯ ಮೇಲೆ ಮಗ್ಗುಲಾಗಿ ಮಲಗಿ ಬಸ್ಸಿನ ಪರದೆಗಳಿಗೆ ಅಂಚು ಹೊಲಿಯುತ್ತಿದ್ದಳು. ಹದಿನಾಲ್ಕು ಕಿಟಕಿಗಳಲ್ಲಿ ಹನ್ನೊಂದರದು ಮುಗಿದು ಕುರ್ಚಿಯ ಮೇಲೆ ಮಡಿಸಿ ಕೂತಿತ್ತು. ಕೋಲು ಗೋಡೆಗೆ ಒರಗಿತ್ತು. ಮಧ್ಯಾಹ್ನದ ಬಿಸಿಲು ಅವಳ ಪಾದಗಳ ಮೇಲೆ ಬಿದ್ದಿತ್ತು. ಮಾಮ ಒಳಗೆ ಬಂದವನು ಮೊದಲು ಆ ಪಾದಗಳನ್ನು ನೋಡಿದ. ಬೆರಳುಗಳು ಬಿಸಿಲಿಗೆ ಅಲ್ಲಾಡುತ್ತಿದ್ದವು. ಮೂರು ವರ್ಷಗಳಿಂದ ಅವನು ಹೊರಗಿನಿಂದ ಬಂದಾಗಲೆಲ್ಲ ಮೊದಲು ನೋಡುತ್ತಿದ್ದುದು ಅದನ್ನೇ.

ಮಗಳು ಫೋನ್ ಮಾಡಿದ್ದಳೆಂದೂ, ಅಪ್ಪ ಬಸ್ಸಿಗೆ ಬೇಕಾದ್ದು ಹುಡುಕುವಷ್ಟರಲ್ಲಿ ತನ್ನ ಮಗುವಿಗೆ ಹಲ್ಲು ಬಂದಿರುತ್ತದೆಂದು ನಕ್ಕಳೆಂದೂ, ನಕ್ಕ ಮೇಲೆ ಸ್ವಲ್ಪ ಅತ್ತಳೆಂದೂ ಅತ್ತೆ ಹೇಳಿದಳು. ಹೆರಿಗೆಗೆ ಡಾಕ್ಟರು ಕೊಟ್ಟ ದಿನ ಇನ್ನೂ ಹತ್ತಿರ ಬಂದಿತ್ತಂತೆ. ನಂತರ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ ಅವನತ್ತ ನೋಡಿದಳು.

"ನೀವ್ಯಾಕ್ರೀ ಹಿಂಗೆ ಒಣಗಿ ಹೋಗ್ತಿದ್ದೀರ? ಆಗಿದ್ದು ಆಯ್ತು. ಪ್ಲೇಟು ಮುರಿದ್ರೆ ನೀವೇನು ಮಾಡ್ತೀರಾ? ನಾನೇ ಕೂರೋಕೆ ಮುಂಚೆ ಅವಸರದಲ್ಲಿ ತಟ್ಟಿಬಿಟ್ಟಿರ್ತೀನಿ. ನಂದೂ ತಪ್ಪೇ ಅಲ್ವಾ."

ಈ ಮಾತನ್ನು ಅವಳು ಹಿಂದೆಯೂ ಹೇಳಿದ್ದಳು. ಎಷ್ಟು ಸಲವೆಂದು ಅವನು ಎಣಿಸಿರಲಿಲ್ಲ. ಪ್ರತಿ ಸಲವೂ ಅವನು ನೀರು ತರಲೋ ಮಾತ್ರೆ ಹುಡುಕಲೋ ಎದ್ದುಹೋಗುತ್ತಿದ್ದ. ಇಂದೂ ಎದ್ದ. ಬಾಗಿಲವರೆಗೂ ಹೋದ. ಕಲ್ಲುಸಕ್ಕರೆಯಂತಿದ್ದ ಆ ಮುರಿದ ತುದಿ ಕಣ್ಣ ಮುಂದೆ ಬಂತು. ಹದಿನೆಂಟು ಪ್ಲೇಟುಗಳನ್ನು ಒಂದೊಂದಾಗಿ ಬದಲಿಸಿದರೂ ಆ ತುದಿ ಹಾಗೆಯೇ ಉಳಿಯುತ್ತದೆಂದು ಅವನಿಗೆ ಹೊಳೆಯಿತು. ಅವನು ತಿರುಗಿ ಬಂದು ನೆಲದ ಮೇಲೆ ಕೂತ, ಅವಳ ಕಣ್ಣಿನ ಮಟ್ಟಕ್ಕೆ.

"ನೀನು ತಟ್ಟಿರಲಿಲ್ಲ ಕಣೇ" ಎಂದ. "ಒಂದು ಸಲವೂ ತಟ್ಟಿರಲಿಲ್ಲ. ಮಕ್ಕಳು ಕೂಗಿದ್ರು, ನಾನು ಹೊರಟುಬಿಟ್ಟೆ. ನೀನು ಹಿಂದೆ ಬಗ್ಗಿದ್ದೀಯ ಅಂತ ನಂಗೆ ಗೊತ್ತಿತ್ತು."

ಅತ್ತೆ ಸೂಜಿಯನ್ನು ಬಟ್ಟೆಯಿಂದ ಎಳೆದು ತೆಗೆದಳು, ಮತ್ತೆ ಅದೇ ಜಾಗಕ್ಕೆ ಚುಚ್ಚಿದಳು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಬಿಸಿಲು ಅವಳ ಪಾದಗಳಿಂದ ಸರಿದು ನೆಲಕ್ಕಿಳಿಯಿತು. ಬೈಯಲಿ, ಅಳಲಿ, ಪರದೆಯನ್ನೆತ್ತಿ ಮುಖಕ್ಕೆಸೆಯಲಿ ಎಂದು ಅವನು ಕಾದ. ಅವಳು ಅದ್ಯಾವುದನ್ನೂ ಮಾಡಲಿಲ್ಲ.

"ಮೂರು ವರ್ಷ" ಎಂದಳು ಕೊನೆಗೆ. "ಮೂರು ವರ್ಷದಿಂದ ದಿನಾ ಈ ಕೈ ನೋಡ್ಕೊಳ್ತೀನಿ. ಯಾಕೆ ತಟ್ಟಿತು ಇದು ಅಂತ."

ಆಮೇಲೆ ಕೋಲಿಗಾಗಿ ಕೈ ಚಾಚಿದಳು. ಅವನು ಎತ್ತಿ ಹಿಡಿಯಲು ಹೋದಾಗ ಬೇಡವೆಂದು ಭುಜ ಸರಿಸಿದಳು. ಗೋಡೆ ಹಿಡಿದು, ಬಾಗಿಲು ಹಿಡಿದು, ಅಂಗಳದಲ್ಲಿ ನಿಂತಿದ್ದ ಬಸ್ಸಿನವರೆಗೆ ತಾನೇ ನಡೆದಳು. ಮೂರು ಮೆಟ್ಟಿಲುಗಳನ್ನು ಹತ್ತಲು ಬಹಳ ಹೊತ್ತು ಹಿಡಿಯಿತು. ಅವನು ಕೆಳಗೆ ಎರಡೂ ಕೈ ಚಾಚಿಕೊಂಡು, ಮುಟ್ಟದೆ ನಿಂತಿದ್ದ.

ಬಸ್ಸು ಮನೆಯಾಗತೊಡಗಿದ ಮೇಲೆ ಅವಳು ಒಳಗೆ ಬಂದದ್ದು ಅದೇ ಮೊದಲು. ಸಿದ್ಧವಾದ ಮೇಲೆಯೇ ತೋರಿಸಬೇಕೆಂದು ಅವನು ಹಟ ಹಿಡಿದಿದ್ದ. ಅವಳು ಒಲೆಯನ್ನು ನೋಡಲಿಲ್ಲ, ಪರದೆಯ ಕಂಬಿಗಳನ್ನು ನೋಡಲಿಲ್ಲ. ದೂರದಿಂದಲೇ ಹಿಂದಿನ ಗಾಜಿನ ಕೆಳಗಿದ್ದ ಮಂಚವನ್ನು ಕಂಡು ಕಾಲು ಕಿತ್ತಿಡದೆ ನಿಂತಳು.

"ಅಲ್ಲಿ ಮಲಗಿಸೋಕೆ ಹೊರಟಿದ್ರಾ ನನ್ನ?"

ರಸ್ತೆ ಕಾಣುತ್ತದೆಂದು ಅವನು ಗೊಣಗಿದ. ಅವಳು ಉತ್ತರಿಸದೆ ಕೋಲಿನ ತುದಿಯಿಂದ ನೆಲದ ಮೇಲೆ ಏನನ್ನೋ ಎಣಿಸತೊಡಗಿದಳು. ಸೀಟುಗಳನ್ನು ಕಿತ್ತ ಜಾಗದಲ್ಲಿ ಬೋಲ್ಟಿನ ತೂತುಗಳು ನಾಲ್ಕು ನಾಲ್ಕರಂತೆ ಉಳಿದಿದ್ದವು. ಒಂದು, ಎರಡು, ಮೂರು. ನಾಲ್ಕನೆಯ ಗುಂಪಿನ ಮೇಲೆ ಕೋಲನ್ನು ಊರಿದಳು.

"ಇಲ್ಲಿ" ಎಂದಳು. "ವಾಂತಿ ಮಾಡೋ ಮಕ್ಕಳನ್ನೆಲ್ಲ ನಾಲ್ಕನೇ ಸಾಲಲ್ಲೇ ಕೂರಿಸ್ತಿದ್ದೆ. ಯಾಕೆ ಅಂತ ಒಂದಿನವಾದ್ರೂ ಕೇಳಿದ್ರಾ? ಮುಂದಿನ ಗಾಲಿಗೂ ದೂರ, ಹಿಂದಿನ ಗಾಲಿಗೂ ದೂರ. ಇಲ್ಲಿ ಕೂತ ಮಗುವಿನ ಹೊಟ್ಟೆ ಅಲ್ಲಾಡಲ್ಲ. ಹಿಂದೆ ಕೂತಿದ್ದು ಹಾರುತ್ತೆ. ಹಾರಲಿ ಅಂತಾನೇ ಅವು ಅಲ್ಲಿ ಕೂತ್ಕೊಳ್ತಿದ್ವು."

ಅಜ್ಜ ಎರಡೆರಡು ಪ್ಲೇಟು ತೆಗೆಯಲು ಹೇಳಿದ್ದನ್ನು ಮಾಮ ಆಗ ತೊದಲುತ್ತ ತಿಳಿಸಿದ. ಅತ್ತೆ ಸ್ವಲ್ಪ ಯೋಚಿಸಿ, ಬೆಳಗ್ಗೆ ಖಾಲಿ ಬಸ್ಸು ಹೊರಟಾಗ ತನ್ನ ಹಲ್ಲು ಹಲ್ಲಿಗೆ ಬಡಿಯುತ್ತಿತ್ತೆಂದೂ, ಮಕ್ಕಳು ತುಂಬಿದ ಮೇಲೆ ಅದೇ ಬಸ್ಸು ತೊಟ್ಟಿಲಿನಂತೆ ತೂಗುತ್ತಿತ್ತೆಂದೂ ಹೇಳಿದಳು. ಮುದುಕ ಹೇಳುವುದು ಸರಿ. ತಮ್ಮನ ಗಾಳಿಚೀಲದ ಮಾತು ಬಂದಾಗ ತಲೆಯಾಡಿಸಿದಳು. ಒಡೆದಾಗಲೇ ತಿಳಿಯುವಂಥದ್ದು ತನಗೆ ಬೇಡ. ಉಕ್ಕು ಸೋಲುವ ಮೊದಲು ಕಿರುಗುಟ್ಟಿ ಹೇಳುತ್ತದೆ, ಆ ಸದ್ದು ತನಗೆ ಗೊತ್ತಿದೆ ಎಂದಳು.

ಇಳಿಯುವಾಗ ಮೆಟ್ಟಿಲ ಮೇಲೆ ನಿಂತು, ಅವನತ್ತ ತಿರುಗದೆಯೇ ಇನ್ನೊಂದು ಮಾತು ಹೇಳಿದಳು. "ನಿಮ್ಮ ಜೊತೆ ಬರ್ತೀನೋ ಇಲ್ವೋ ಇನ್ನೂ ಹೇಳಿಲ್ಲ. ಮೊದಲು ಒಂಟೆ ದಾಟಿಸಿ ತೋರಿಸಿ."

*

ಪ್ಲೇಟಜ್ಜ ಮೂರು ದಿನ ತೆಗೆದುಕೊಂಡ. ಕೆಳಗಿನ ಎರಡೆರಡು ಪ್ಲೇಟುಗಳು ಹೊರಬಂದವು, ಉಳಿದ ಏಳೇಳು ಕುಲುಮೆಯಲ್ಲಿ ಕೆಂಪಾಗಿ ಹೊಸ ಬಾಗನ್ನು ಪಡೆದವು. ಮಾಮ ಮಂಚವನ್ನು ಬಿಚ್ಚಿ ನಾಲ್ಕನೆಯ ಸಾಲಿನ ತೂತುಗಳಿಗೇ ಬಿಗಿದ. ನೀರಿನ ಟ್ಯಾಂಕನ್ನು ಹಿಂದಕ್ಕೊಯ್ದು ಮಂಚವಿದ್ದ ಜಾಗದಲ್ಲಿ ಕೂರಿಸಿದ. ಆ ದಿನಗಳಲ್ಲಿ ಅತ್ತೆ ಅವನೊಡನೆ ಊಟದ ಮಾತು, ಮಾತ್ರೆಯ ಮಾತು ಬಿಟ್ಟು ಬೇರೆ ಆಡಲಿಲ್ಲ. ಉಳಿದ ಮೂರು ಪರದೆಗಳನ್ನು ಮಾತ್ರ ಹೊಲಿದು ಮುಗಿಸಿದಳು. ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿಯಬೇಕೋ ಬೇಡವೋ ಎಂದು ಅವನು ಒಳಗೊಳಗೇ ಬೆಂದ.

ಶನಿವಾರ ಬೆಳಿಗ್ಗೆ ಭಾವಮೈದುನ ನೀರು ತುಂಬಿದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನ ಹಿಂದೆ, ಟ್ಯಾಂಕಿನ ಪಕ್ಕದಲ್ಲಿ ಕೂತ. ತನ್ನ ಮಾಲನ್ನು ಬೇಡವೆಂದವರ ಬಸ್ಸು ಹೇಗೆ ಕುಣಿಯುತ್ತದೆಂದು ಕಣ್ಣಾರೆ ನೋಡಬೇಕೆಂದು ಅವನೇ ಬಂದಿದ್ದ. ಅತ್ತೆ ಮಂಚದ ಮೇಲೆ ಅಂಗಾತ ಮಲಗಿ, ಬಲಗೈಯನ್ನು ಪಕ್ಕದ ತಗಡಿನ ಮೇಲಿಟ್ಟಿದ್ದಳು. ಮಾಮ ದೊಡ್ಡ ಕನ್ನಡಿಯನ್ನು ಕೆಳಕ್ಕೆ ಬಾಗಿಸಿದ; ಅದರಲ್ಲಿ ಅವಳ ಕೈ ಮಾತ್ರ ಕಾಣುತ್ತಿತ್ತು.

ಒಂಟೆಯ ಮುಂದೆ ಅವನು ಬಸ್ಸನ್ನು ನಿಲ್ಲಿಸಿದ. ಡಾಂಬರಿನ ಮೇಲೆ ಬಿಳಿ ಪಟ್ಟೆ ಬಳಿದ ಸಾಧಾರಣ ಉಬ್ಬು ಅದು. ಈಗ ಅವನ ಕಣ್ಣಿಗೆ ಗುಡ್ಡದಂತೆ ಕಂಡಿತು. ಅವನು ಕಾದ. ತಟ್ಟು ಬರಲಿಲ್ಲ. ಕನ್ನಡಿಯಲ್ಲಿದ್ದ ಕೈ ಅಲ್ಲಾಡಲಿಲ್ಲ. ಹಿಂದೆ ಒಂದು ಕಾರು ಬಂದು ನಿಂತಿತು, ಅದರ ಹಿಂದೆ ಒಂದು ವ್ಯಾನು. ಹಾರನ್ನುಗಳು ಶುರುವಾದವು. ಭಾವಮೈದುನ ಹಿಂದಿನಿಂದ, "ಭಾವ, ನಿದ್ದೆ ಬಂತಾ?" ಎಂದು ಕೂಗಿದ. ಮಾಮ ಕ್ಲಚ್ಚಿನ ಮೇಲಿನ ಕಾಲನ್ನು ಎತ್ತಲಿಲ್ಲ. ಕಾರಿನವನು ಕಿಟಕಿಯಿಂದ ತಲೆ ಹೊರಹಾಕಿ ಏನೋ ಬೈದು, ಬಳಸಿಕೊಂಡು ಮುಂದೆ ಹೋದ. ವ್ಯಾನಿನವನೂ ಹೋದ. ರಸ್ತೆ ಖಾಲಿಯಾಯಿತು.

ಆಗ ತಗಡು ಸದ್ದು ಮಾಡಿತು. ಎರಡು ಸಲ.

ಮುಂದಿನ ಗಾಲಿಗಳು ಹತ್ತಿ ಇಳಿದವು. ಹಿಂದಿನವು ಹತ್ತುವಾಗ ಅವನು ಉಸಿರು ಬಿಗಿಹಿಡಿದಿದ್ದ. ಪ್ಲೇಟುಗಳು ಒಮ್ಮೆ ದೀರ್ಘವಾಗಿ ನರಳಿದವು, ಬಸ್ಸಿನ ಹಿಂಭಾಗ ನಿಧಾನವಾಗಿ ತಗ್ಗಿ, ನಿಧಾನವಾಗಿ ಎದ್ದು, ಇನ್ನೊಮ್ಮೆ ತುಸುವೇ ತೂಗಿ ಸುಮ್ಮನಾಯಿತು. ಏನೂ ಮುರಿಯಲಿಲ್ಲ. ಯಾರೂ ಕೂಗಲಿಲ್ಲ. ಅವನು ಇನ್ನೇನು ಉಸಿರು ಬಿಡಬೇಕು, ತಗಡು ಮತ್ತೆ ಸದ್ದು ಮಾಡಿತು.

ಒಂದೇ ಸಲ.

ಬ್ರೇಕನ್ನು ಎಷ್ಟು ಮೆತ್ತಗೆ ಒತ್ತಿದನೋ, ಅಷ್ಟೇ ಬೇಗ ಸೀಟಿನಿಂದ ಜಿಗಿದ. ನಾಲ್ಕನೆಯ ಸಾಲಿನವರೆಗಿನ ಆರು ಹೆಜ್ಜೆ ಮುಗಿಯಲೇ ಇಲ್ಲ. ಮೊದಲು ಅವಳ ಪಾದಗಳನ್ನು ನೋಡಿದ. ಬೆರಳುಗಳು ಅಲ್ಲಾಡುತ್ತಿದ್ದವು. ಮುಖ ನೋಡಿದ. ಅವಳು ಮಲಗಿದಲ್ಲಿಂದಲೇ ಅವನನ್ನು ದಿಟ್ಟಿಸುತ್ತಿದ್ದಳು.

"ಏನಾಯ್ತೇ? ನೋವಾ? ಎಲ್ಲಿ?"

"ಏನೂ ಆಗಿಲ್ಲ" ಎಂದಳು ಅತ್ತೆ. "ನಿಲ್ಲಿಸ್ತೀರೋ ಇಲ್ವೋ ನೋಡ್ದೆ."

ಹಿಂದಿನಿಂದ ಭಾವಮೈದುನ, ತನ್ನ ಪ್ಯಾಂಟೂ ಒದ್ದೆಯಾಯಿತೆಂದೂ ಆದರೆ ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿದೆಯೆಂದೂ ದೂರಿನ ದನಿಯಲ್ಲಿ ಹೇಳುತ್ತಿದ್ದ. ಇಬ್ಬರೂ ಅವನ ಕಡೆ ತಿರುಗಲಿಲ್ಲ. ಅತ್ತೆ ಹೊದಿಕೆಯನ್ನು ಮೊಣಕಾಲವರೆಗೆ ಎಳೆದುಕೊಂಡಳು. ಪರದೆ ಸರಿಸಿ ಹೊರಗೆ ನೋಡಿದಳು. ಮಗಳಿಗೆ ಹೊರಡುವ ದಿನವನ್ನು ತಾನೇ ಫೋನ್ ಮಾಡಿ ಹೇಳುತ್ತೇನೆಂದಳು. ಯಾವ ದಿನವೆಂದು ಹೇಳಲಿಲ್ಲ.

ಮಾಮ ತನ್ನ ಸೀಟಿಗೆ ಹಿಂದಿರುಗಿ ಎಂಜಿನ್ ಚಾಲೂ ಮಾಡಿದ. ಗೇರಿನ ಮೇಲೆ ಕೈಯಿಟ್ಟ. ಕನ್ನಡಿಯಲ್ಲಿ ಅವಳ ಕೈ ತಗಡಿನಿಂದ ಒಂದು ಗೇಣು ದೂರದಲ್ಲಿ, ಎತ್ತಿದಂತೆಯೇ ನಿಂತಿತ್ತು. ಅವಳಿಗೆ ಯಾವ ಅವಸರವೂ ಇರಲಿಲ್ಲ. ಅವನು ಕಾಯುತ್ತ ಕೂತ.